ಕಬ್ಬಿನ ಕಾರ್ಖಾನೆಯ ಕೊಳಕು ನೀರು: ಸೂಕ್ಷ್ಮಜೀವಿಗಳನ್ನೇ ನೆಚ್ಚಬಹುದೆ?

ಪರ

ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗಳಿಂದ ಹೊರಬೀಳುವ ನೀರಿನಲ್ಲಿ ವಿಷಕ್ಕಿಂತ ಸಕ್ಕರೆಯೇ ಹೆಚ್ಚು. ಹಾಗೇ ನಾಲೆಗೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ, ಮೀನು ಸಾಯುತ್ತವೆ. ತಿನ್ನುವ ಆ ಕೆಲಸವನ್ನು ಕಾರ್ಖಾನೆಯ ಅಂಗಳದಲ್ಲೇ, ತೊಟ್ಟಿಯೊಳಗೆ ಗಾಳಿ ಕೊಟ್ಟು ಮಾಡಿಸಬೇಕು.

ಮೊದಲು ಗಾಣದಿಂದ ಬಂದ ಎಣ್ಣೆ, ಗ್ರೀಸನ್ನು ಮೇಲೆ ತೇಲಿಸಿ ತೆಗೆಯಬೇಕು. ನಿಂತ ಸಕ್ಕರೆ ನೀರು ಬೇಗ ಹುಳಿಯುತ್ತದೆ. ಸುಣ್ಣದ ನೀರು ಬೆರೆಸಿ ಪಿಎಚ್ (ಹುಳಿ-ಕ್ಷಾರದ ಅಳತೆ) 7ರ ಆಸುಪಾಸಿಗೆ ತರಬೇಕು. ಬಹಳ ಕಡೆ ಎಡವುವುದು ಆಮೇಲೆ. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಸಾರಜನಕವೂ ಸಕ್ಕರೆಯಲ್ಲಿ ಇಲ್ಲ, ರಂಜಕವೂ (ಫಾಸ್ಫರಸ್) ಇಲ್ಲ. ನೀರಿನ ಕೊಳೆ ತಿನ್ನಲು ಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆಯೇ ಬಿಒಡಿ; 100 ಪಾಲು ಬಿಒಡಿಗೆ 5 ಪಾಲು ಸಾರಜನಕ, 1 ಪಾಲು ರಂಜಕ ಬೇಕು. ದಿನಕ್ಕೆ 100 ಘನ ಮೀಟರ್ ನೀರು, ಲೀಟರಿಗೆ 1500 ಮಿಲಿಗ್ರಾಂ ಬಿಒಡಿ ಎಂದರೆ ದಿನಕ್ಕೆ 150 ಕೆಜಿ. ಅದಕ್ಕೆ ಇವೆರಡನ್ನೂ ಒದಗಿಸಲು ಸುಮಾರು ಏಳೂವರೆ ಕೆಜಿ ಡಿಎಪಿ ಗೊಬ್ಬರ, ಹದಿಮೂರೂವರೆ ಕೆಜಿ ಯೂರಿಯಾ. ನೀರಿನಲ್ಲಿ ಈಗಾಗಲೇ ಇರುವುದನ್ನು ಅಳೆದು ಇದರಲ್ಲಿ ಕಳೆಯಬೇಕು. ಗೊಬ್ಬರ ಕಡಿಮೆಯಾದರೆ ದಾರದಂಥ ಬ್ಯಾಕ್ಟೀರಿಯಾ ಹೆಚ್ಚಿ, ತೊಟ್ಟಿಯಲ್ಲಿ ಬೆಳೆದ ಜೀವಿಗಳ ರಾಡಿ ತಳಕ್ಕೆ ಕೂರದೆ ನೀರಿನ ಜೊತೆಗೇ ಹರಿದುಹೋಗುತ್ತದೆ. ದಿನವೂ ಗಾಳಿತೊಟ್ಟಿಯ ನೀರನ್ನು ಒಂದು ಲೀಟರ್ ಅಳತೆ ಜಾಡಿಯಲ್ಲಿ 30 ನಿಮಿಷ ಕೂರಿಸಿ ರಾಡಿ ಎಷ್ಟು ಇಳಿಯಿತೆಂದು ನೋಡಿದರೆ ಈ ಕೇಡು ಮುಂಚೆಯೇ ಕಾಣುತ್ತದೆ. ಗಾಳಿತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಇಳಿಯಬಾರದು. ಇಷ್ಟು ನಿಗಾ ಇದ್ದರೆ ಬಿಒಡಿಯನ್ನು ಲೀಟರಿಗೆ 30 ಮಿಲಿಗ್ರಾಂಗೆ, ಅಂದರೆ ಹೊಳೆಗೆ ಬಿಡಲು ಕಾನೂನು ಒಪ್ಪುವ ಮಟ್ಟಕ್ಕೆ, ಇಳಿಸಬಹುದು. ಇಷ್ಟು ಅಗ್ಗವಾಗಿ ಈ ಕೆಲಸ ಮಾಡುವ ರಾಸಾಯನಿಕ ಯಾವುದೂ ಇಲ್ಲ.

ವಿರೋಧ

ಸಕ್ಕರೆಯ ಮಟ್ಟಿಗೆ ಇದು ಸರಿ. ಆದರೆ ಕಾರ್ಖಾನೆ ವರ್ಷವಿಡೀ ಅರೆಯುವುದಿಲ್ಲ. ಅರೆಯುವಿಕೆ ನಿಂತ ತಿಂಗಳುಗಳಲ್ಲಿ ತೊಟ್ಟಿಯ ಜೀವಿಗಳು ಉಪವಾಸ ಬಿದ್ದು ಸಾಯುತ್ತವೆ. ಮತ್ತೆ ಶುರುವಾದ ದಿನವೇ ಪೂರ್ತಿ ನೀರು ನುಗ್ಗಿಸಿದರೆ ಅದು ಶುದ್ಧವಾಗದೆ ಹೊರಬರುತ್ತದೆ. ಸಗಣಿ ರಾಡಿಯನ್ನೋ ಓಡುತ್ತಿರುವ ಘಟಕದ ರಾಡಿಯನ್ನೋ ಹಾಕಿ ಎರಡು ಮೂರು ವಾರ ಮೊದಲೇ ಬೆಳೆಸಿಕೊಳ್ಳಬೇಕು; ಆ ತಾಳ್ಮೆ ಎಲ್ಲರಿಗಿಲ್ಲ. ಕರೆಂಟು ಹೋಗಿ ಜನರೇಟರ್ ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ತೊಟ್ಟಿ ಕೊಳೆತು ನಾರುತ್ತದೆ.

ಇನ್ನೂ ದೊಡ್ಡ ತಕರಾರು ಡಿಸ್ಟಿಲರಿಯ ನೀರಿನದು. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಡುಕಂದು ನೀರಿನಲ್ಲಿ ಬಿಒಡಿ ಲೀಟರಿಗೆ 40,000 ಮಿಲಿಗ್ರಾಂ ದಾಟುವುದುಂಟು. ಗಾಳಿಯಿಲ್ಲದ ತೊಟ್ಟಿಯಲ್ಲಿ ಬಹುಪಾಲು ಗ್ಯಾಸಾಗಿ ಹೋಗುತ್ತದೆ, ಒಪ್ಪೋಣ. ಕಂದು ಬಣ್ಣ ಮಾತ್ರ ಹೋಗುವುದಿಲ್ಲ. ಪೊಟ್ಯಾಷ್, ಕ್ಲೋರೈಡ್, ಸಲ್ಫೇಟಿನಂಥ ಲವಣಗಳನ್ನು ಯಾವ ಜೀವಿಯೂ ತಿಂದು ಮುಗಿಸದು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೀರು ನಿಂತು ಚೌಳಾದ ಗದ್ದೆಗಳು ಈಗಾಗಲೇ ಇವೆ. ಅಂಥ ಮಣ್ಣಿಗೆ ಈ ನೀರನ್ನು ‘ಗೊಬ್ಬರದ ನೀರು’ ಎಂದು ಹಾಯಿಸಿದರೆ ರೈತನಿಗೆ ಉಳಿಯುವುದು ಉಪ್ಪು.

ಮಣ್ಣಿನಲ್ಲೂ ಇದೇ ಕಥೆ. ಡೀಸೆಲ್ ಚೆಲ್ಲಿದ ನೆಲವನ್ನು ತೇವ, ಗೊಬ್ಬರ, ಉಳುಮೆ ಕೊಟ್ಟು ಜೀವಿಗಳಿಂದ ಶುದ್ಧ ಮಾಡಿಸಬಹುದು. ಸೀಸವನ್ನು ಅವು ಹಿಡಿದಿಡಬಹುದು, ಇಲ್ಲವಾಗಿಸಲಾರವು.

ಇನ್ನು ‘ಸೂಕ್ಷ್ಮಜೀವಿ ಪುಡಿ’ ಮಾರುವವರು ಬಂದಾಗ, ಅದೇ ನೀರಿನ ಎರಡು ಬಕೆಟ್ ಇಡಿ. ಒಂದಕ್ಕೆ ಪುಡಿ ಹಾಕಿ, ಇನ್ನೊಂದಕ್ಕೆ ಬೇಡ. ಎರಡಕ್ಕೂ ಒಂದೇ ಸಮ ಗಾಳಿ ಕೊಟ್ಟು ಐದು ದಿನದ ನಂತರ ಬಿಒಡಿ ಪರೀಕ್ಷೆ ಮಾಡಿಸಿ. ವ್ಯತ್ಯಾಸ ಕಾಣದಿದ್ದರೆ ಆ ಹಣವನ್ನು ಗಾಳಿಯಂತ್ರಕ್ಕೆ ಹಾಕಿ.