ಗುಲಾಬಿ ಸೀರೆ ಉಟ್ಟು ಫೋಟೋಗೆ ಕೂರೋದು: ಬೇಕಾ, ಬೇಡ್ವಾ?

ಅಕ್ಟೋಬರ್ ಸ್ತನ ಕ್ಯಾನ್ಸರ್ ಅರಿವಿನ ತಿಂಗಳು, ಗುಲಾಬಿ ಅದರ ಬಣ್ಣ. ಆಗ ಹೆಂಗಸರು ಗುಲಾಬಿ ಸೀರೆ ಉಟ್ಟು ಸ್ಟುಡಿಯೋಗೆ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರು ಕೊಟ್ಟ ದುಡ್ಡು ಸ್ತನ ಕ್ಯಾನ್ಸರ್ ಬಂದವರ ಖರ್ಚಿಗೆ ಹೋಗುತ್ತದೆ. ಫೋಟೋಗಳನ್ನು ಊರಿಗೆ ಕಾಣುವ ಹಾಗೆ ಹಾಕುತ್ತಾರೆ. ಇದರಿಂದ ಯಾರಿಗಾದರೂ ಒಳ್ಳೆಯದಾಗುತ್ತದಾ? ತುಮಕೂರಿನ ಇಬ್ಬರು ಬರೆದಿದ್ದಾರೆ. ಒಬ್ಬರು ಸ್ಟುಡಿಯೋ ನಡೆಸುವವರು. ಇನ್ನೊಬ್ಬರು ಟೀಚರ್, ಇದೇ ಕಾಯಿಲೆಗೆ ಚಿಕಿತ್ಸೆ ಮಾಡಿಸಿಕೊಂಡವರು.

ಪರ: ಬದುಕಿದ್ದಾಗಲೇ ಒಂದು ಫೋಟೋ ಇರಲಿ

ತಿಂಗಳಿಗೆ ಮೂರು ನಾಲ್ಕು ಸಲ ಇದು ನಡೆಯುತ್ತದೆ. ತಲೆ ಬೋಳಿಸಿಕೊಂಡ ಹುಡುಗ ಅಂಗಡಿಗೆ ಬರುತ್ತಾನೆ. ಕೈಯಲ್ಲಿ ಆಧಾರ್ ಕಾರ್ಡು, ಇಲ್ಲ ಯಾರದೋ ಮದುವೆಯ ಗ್ರೂಪ್ ಫೋಟೋ. "ಅಕ್ಕ, ಇದರಲ್ಲಿ ನಮ್ಮಮ್ಮನ ಮುಖ ಮಾತ್ರ ತೆಗೆದು ದೊಡ್ಡದು ಮಾಡಿಕೊಡಿ. ನಾಳಿದ್ದು ತಿಥಿ."

ಆಧಾರ್ ಫೋಟೋದಲ್ಲಿ ಯಾರು ತಾನೇ ಚೆನ್ನಾಗಿ ಕಾಣುತ್ತಾರೆ? ನಾವು ಕಂಪ್ಯೂಟರಿನಲ್ಲಿ ಆ ಅಮ್ಮನಿಗೆ ರೇಷ್ಮೆ ಸೀರೆ ಉಡಿಸುತ್ತೇವೆ. ಕುಂಕುಮ ದೊಡ್ಡದು ಮಾಡುತ್ತೇವೆ. ಹಿಂದೆ ನೀಲಿ ಬಣ್ಣ ಕೊಟ್ಟು ಫ್ರೇಮ್ ಹಾಕಿ ಕಳಿಸುತ್ತೇವೆ. ಇಪ್ಪತ್ತು ವರ್ಷದಿಂದ ಈ ಕೆಲಸ ನೋಡುತ್ತಿದ್ದೇನೆ. ತನಗೋಸ್ಕರ ಅಂತ ಒಂದೇ ಒಂದು ಸಲ ಕ್ಯಾಮೆರಾ ಮುಂದೆ ಕೂರದೆ ಹೋದ ಹೆಂಗಸರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನವೋ.

ಹೋದ ಅಕ್ಟೋಬರ್‌ನಲ್ಲಿ ನಾವು ಈ ಗುಲಾಬಿ ಸೀರೆಯ ಫೋಟೋ ಕೆಲಸ ಶುರು ಮಾಡಿದಾಗ ನನ್ನ ತಲೆಯಲ್ಲಿ ಇದ್ದದ್ದು ಇದೇ. ಒಂದು ಸಲ ಕೂರಲು 300 ರೂಪಾಯಿ. ಅಷ್ಟೂ ಕಾಯಿಲೆ ಬಂದವರ ಖರ್ಚಿನ ಡಬ್ಬಿಗೆ. ಒಂದು ಪ್ರಿಂಟ್ ಫ್ರೀ. ಜಾಸ್ತಿ ಪ್ರಿಂಟ್ ಬೇಕಂದರೆ ಮಾಮೂಲಿ ರೇಟು, ಅದು ನಮ್ಮ ಸ್ಟುಡಿಯೋಗೆ. ಹೌದು, ಅದರಿಂದ ನಮಗೂ ನಾಲ್ಕು ಕಾಸು ಬಂತು. ಸುಮ್ನೆ ಮುಚ್ಚಿಡೋದು ಯಾಕೆ? ಲೈಟು, ಪೇಪರು, ಹುಡುಗನ ಸಂಬಳ ಯಾವುದೂ ಪುಕ್ಕಟೆ ಬರುವುದಿಲ್ಲ. ಲೆಕ್ಕವನ್ನು ಬಾಗಿಲ ಪಕ್ಕದಲ್ಲೇ ಬರೆದು ಅಂಟಿಸಿದ್ದೆ.

ಬಂದವರಲ್ಲಿ ಒಬ್ಬರ ವಿಷಯ ಹೇಳಬೇಕು. ಗುಬ್ಬಿ ಕಡೆಯವರು. ಕೀಮೋದಿಂದ ಕೂದಲು ಉದುರಿ, ಆಗಷ್ಟೇ ಅರ್ಧ ಅಂಗುಲ ಬೆಳೆದಿತ್ತು. ಬ್ಯಾಗಿನಿಂದ ಒಂದು ಹಳೆ ಫೋಟೋ ತೆಗೆದರು. ಸೀಮಂತದ ದಿನ ಮೊಗ್ಗಿನ ಜಡೆ ಹಾಕಿಸಿಕೊಂಡು, ಹಿಂದೆ ದೊಡ್ಡ ಕನ್ನಡಿ ಇಟ್ಟು ತೆಗೆಸಿದ್ದು. ಕೆಳಗೆ ನಮ್ಮ ಸ್ಟುಡಿಯೋದ ಸೀಲು. ತೆಗೆದವರು ನಮ್ಮ ಮಾವ. "ಆ ಕನ್ನಡಿ ಇನ್ನೂ ಇದೆಯಾ?" ಅಂತ ಕೇಳಿದರು. ಇತ್ತು. ಅಟ್ಟದಿಂದ ಇಳಿಸಿ ಒರೆಸಿದೆವು. ಅದೇ ಕನ್ನಡಿಗೆ ಬೆನ್ನು ಕೊಟ್ಟು, ತಲೆಗೆ ಸೆರಗು ಕೂಡ ಹೊದೆಯದೆ ಕೂತರು. ಕನ್ನಡಿಯಲ್ಲಿ ಜಡೆ ಇರಬೇಕಾದ ಕಡೆ ಬರೀ ಕುತ್ತಿಗೆ. ಆ ಫೋಟೋವನ್ನು ಶೋಕೇಸಿನಲ್ಲಿ ಇಡಿ ಅಂದದ್ದು ಅವರೇ. ನಾನು ಕೇಳಿರಲಿಲ್ಲ.

ಇದು ಪ್ರಚಾರದ ಹುಚ್ಚು ಅನ್ನುವವರಿದ್ದಾರೆ. 1993ರ ಆಗಸ್ಟ್ 15ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮ್ಯಾಗಜಿನ್ ಮುಖಪುಟದಲ್ಲಿ ಮತುಷ್ಕಾ ಎಂಬ ಕಲಾವಿದೆಯ ಫೋಟೋ ಬಂತು. ಆಕೆಯೇ ತೆಗೆದುಕೊಂಡದ್ದು. ಬಿಳಿ ಉಡುಪು, ಸ್ತನ ತೆಗೆದ ಜಾಗ ಮಾತ್ರ ಕಾಣುವ ಹಾಗೆ, ಹೊಲಿಗೆಯ ಗುರುತು ಎದುರಿಗೆ. ಅಲ್ಲೂ ಜನ ಬೈದರು, ಹೊಗಳಿದರು. ಆದರೆ ಮಾತಾಡಿದರು. 1999ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ರೈಲ್‌ಸ್ಟನ್ ಮಹಿಳಾ ಸಂಘದ ಹೆಂಗಸರು ಬಟ್ಟೆಯಿಲ್ಲದೆ, ಹೂವು, ಅಡುಗೆ ಸಾಮಾನು ಮರೆ ಮಾಡಿಕೊಂಡು ಕ್ಯಾಲೆಂಡರ್‌ಗೆ ಕೂತರು. ಅವರ ಉದ್ದೇಶ ಬೇರೆ, ರಕ್ತದ ಕ್ಯಾನ್ಸರಿನ ಸಂಶೋಧನೆಗೆ ದುಡ್ಡು. ಆಮೇಲೆ ಲಕ್ಷಾಂತರ ಪೌಂಡ್ ಬಂತು. ತುಮಕೂರಿನಲ್ಲೂ ಹಾಗೇ ಮಾಡೋಣ ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ನಮ್ಮತ್ತೆ ನನ್ನನ್ನೇ ಸ್ಟುಡಿಯೋದಿಂದ ಆಚೆ ಕಳಿಸುತ್ತಾರೆ. ನಮಗೆ ಮುಖ ಸಾಕು.

ಮುಖಕ್ಕೆ ಯಾಕೆ ಇಷ್ಟು ಬೆಲೆ ಅಂದರೆ, ಈ ಕಾಯಿಲೆಯನ್ನು ನಾವು ಹೆಸರಿಟ್ಟು ಕರೆಯುವುದಿಲ್ಲ. "ಆ ಕಾಯಿಲೆ" ಅನ್ನುತ್ತೇವೆ. ರೇಡಿಯೇಷನ್ ಚಿಕಿತ್ಸೆಗೆ "ಕರೆಂಟ್ ಕೊಡಿಸೋಕೆ ಬೆಂಗಳೂರಿಗೆ ಹೋಗ್ತಿದ್ದಾರಂತೆ" ಅಂತ ದನಿ ಇಳಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜಿನಲ್ಲಿ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಇದು ಹೊಸದಾಗಿ ಬಂತು. ಸುಮಾರು 98 ಸಾವಿರ ಜನ ಸತ್ತರು. ಕಾಯಿಲೆ ಗೊತ್ತಾದ ಮೇಲೆ ಐದು ವರ್ಷ ಬದುಕುವವರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು, ನಮ್ಮಲ್ಲಿ 66. ಈ ಅಂತರಕ್ಕೆ ಒಂದು ದೊಡ್ಡ ಕಾರಣ, ನಾವು ಆಸ್ಪತ್ರೆಗೆ ತಡವಾಗಿ ಹೋಗುವುದು. ತಡ ಆಗುವುದು ಯಾಕೆ? ಬಾಯಿ ಬಿಡದೇ ಇರುವುದರಿಂದ.

ಒಬ್ಬ ಹೆಂಗಸು ಮಗನ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಲು ಬಂದವರು ಶೋಕೇಸಿನ ಮುಂದೆ ನಿಂತೇ ಇದ್ದರು. ಮಗನನ್ನು ಜೆರಾಕ್ಸ್ ಅಂಗಡಿಗೆ ಕಳಿಸಿ ನನ್ನ ಹತ್ತಿರ ಬಂದರು. "ಅಕ್ಕ, ನನಗೂ ಒಂದು ಗಂಟಿದೆ. ಎರಡು ವರ್ಷ ಆಯ್ತು. ನೋಯಲ್ಲ, ಅದಕ್ಕೇ ಸುಮ್ನಿದ್ದೀನಿ." ನೋಯದಿದ್ದರೂ ಗಂಟನ್ನು ಬೇಗ ತೋರಿಸಬೇಕು ಅನ್ನೋದು ಅವರಿಗೆ ಗೊತ್ತಿರಲಿಲ್ಲ. ನಾನೇ ಜೊತೆಗೆ ಜಿಲ್ಲಾಸ್ಪತ್ರೆಗೆ ಹೋದೆ. ಪರೀಕ್ಷೆ ಆಯಿತು. ಕ್ಯಾನ್ಸರ್ ಅಲ್ಲ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ ಅಂತ ಡಾಕ್ಟರ್ ಹೇಳಿದರು. ಬರುವಾಗ ಆಕೆ ಆಟೋದಲ್ಲಿ ಅತ್ತ ಅಳು, ಎರಡು ವರ್ಷದ್ದು.

ಒಂದು ಫೋಟೋ, ಒಬ್ಬ ಹೆಂಗಸು. ಲೆಕ್ಕಕ್ಕೆ ಚಿಕ್ಕದು. ಈ ಅಕ್ಟೋಬರ್‌ನಲ್ಲೂ ಕನ್ನಡಿ ಅಟ್ಟದಿಂದ ಇಳಿಯುತ್ತದೆ.

ವಿರೋಧ: ನನ್ನ ಮುಖ ಯಾರ ಗೋಡೆಗೆ?

ನನ್ನ ಎಡಗಡೆ ಸ್ತನ ತೆಗೆದು ಆರು ವರ್ಷ ಆಯಿತು. ಅದಾದ ಮೇಲಿನ ವರ್ಷ ಒಂದು ಸಂಘದವರು ಕಾರ್ಯಕ್ರಮಕ್ಕೆ ಕರೆದರು. ಗುಲಾಬಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಫೋಟೋ ತೆಗೆದರು. ನಾನು ನಕ್ಕೆ. ಶಾಲು ಹೊದಿಸಿದಾಗ ಯಾರು ನಗುವುದಿಲ್ಲ?

ನಾಲ್ಕು ದಿನಕ್ಕೆ ಬಿ.ಎಚ್. ರಸ್ತೆಯಲ್ಲಿ ಫ್ಲೆಕ್ಸ್ ಎದ್ದಿತು. ಮೇಲೆ ಹನ್ನೊಂದು ಮುಖಂಡರ ಮುಖ, ನಮಸ್ಕಾರ ಮಾಡಿಕೊಂಡು. ಕೆಳಗೆ ನಾನು. "ಕ್ಯಾನ್ಸರ್ ಗೆದ್ದ ವೀರ ಮಹಿಳೆ." ಊರಿನ ಹೆಸರು, ಶಾಲೆಯ ಹೆಸರು, ಎಲ್ಲ ಇತ್ತು. ಹಾಕಬಹುದಾ ಅಂತ ಒಬ್ಬರೂ ಕೇಳಿರಲಿಲ್ಲ. ಆ ವಾರವೇ ಮಗಳನ್ನು ನೋಡಲು ಬಂದಿದ್ದವರಿಂದ ಫೋನ್ ಬಂತು. "ನಿಮ್ಮ ವಂಶದಲ್ಲಿ ಇದೆಯಾ, ಹುಡುಗಿಗೂ ಬರುತ್ತಾ?" ನೂರು ಜನರಲ್ಲಿ ಐದರಿಂದ ಹತ್ತು ಜನಕ್ಕೆ ಮಾತ್ರ ಇದು ವಂಶದಿಂದ ಬರುವುದು, ನನ್ನ ಅಮ್ಮನಿಗಾಗಲಿ ಅಕ್ಕಂದಿರಿಗಾಗಲಿ ಇರಲಿಲ್ಲ. ಹೇಳಿದೆ. ಅವರು "ಆಯ್ತು ಮೇಡಂ" ಅಂದರು. ಮತ್ತೆ ಫೋನ್ ಮಾಡಲಿಲ್ಲ.

ಇಂಥದ್ದೇ ಎಲ್ಲ ಕಡೆ ಆಗುತ್ತದೆ ಅಂತ ಅಲ್ಲ. ಸ್ಟುಡಿಯೋ ನಡೆಸುವವರು ಒಳ್ಳೆಯವರಿರಬಹುದು, ಕೇಳಿಯೇ ಹಾಕಬಹುದು. ಗುಬ್ಬಿಯ ಆ ತಾಯಿ ಕನ್ನಡಿ ಮುಂದೆ ಕೂತದ್ದು ಓದಿ ನನಗೂ ಗಂಟಲು ಕಟ್ಟಿತು. ಆಕೆ ತಾನಾಗಿ ಕೂತರು. ಆದರೆ ಶೋಕೇಸಿನ ಫೋಟೋವನ್ನು ದಾರಿಹೋಕ ಮೊಬೈಲಿನಲ್ಲಿ ತೆಗೆದು ಸ್ಟೇಟಸ್‌ಗೆ ಹಾಕಿದರೆ? ಒಂದು ವರ್ಷ ಬಿಟ್ಟು ಆ ತಾಯಿಗೆ ಬೇಡ ಅನ್ನಿಸಿದರೆ? ಶೋಕೇಸಿನಿಂದ ತೆಗೆಯಬಹುದು. ಊರಿನ ವಾಟ್ಸಾಪ್‌ನಿಂದ ತೆಗೆಯುವವರು ಯಾರು?

ಇನ್ನು ಫೋಟೋಗೆ ಬರುವವರು ಯಾರು ಅಂತ ನೋಡಿ. ಹೆಚ್ಚಿನವರು ಎಸ್.ಎಸ್. ಪುರಂ ಕಡೆಯ ಗಟ್ಟಿಮುಟ್ಟಾದ ಹೆಂಗಸರು. ನನ್ನ ಸಹೋದ್ಯೋಗಿಗಳೂ ಹೋಗಿದ್ದರು. ಎಲ್ಲರೂ ಗುಲಾಬಿ ಸೀರೆ, ಮ್ಯಾಚಿಂಗ್ ಬಳೆ. ಸ್ಟಾಫ್‌ರೂಮಿನಲ್ಲಿ ಮಾತು ಬಂದದ್ದು ಸೀರೆ ಬಗ್ಗೆ, ಫಿಲ್ಟರ್ ಬಗ್ಗೆ. ಪರೀಕ್ಷೆ ಮಾಡಿಸಿಕೊಂಡಿರಾ ಅಂತ ಕೇಳಿದೆ. "ಅಯ್ಯೋ ಮೇಡಂ, ನಮಗೆಲ್ಲ ಯಾಕೆ!" ಅಂದರು. 300 ಕೊಟ್ಟು ಕೂತಾಗಿದೆ, ನಮ್ಮ ಪಾಲಿನದು ಮುಗಿಯಿತು ಅನ್ನುವ ನೆಮ್ಮದಿ. ನನಗೆ ಭಯ ಆ ನೆಮ್ಮದಿಯದೇ.

ಈ ಗುಲಾಬಿ ಬಣ್ಣದ ಕತೆಯೂ ಕೇಳುವಂಥದ್ದು. ಕ್ಯಾಲಿಫೋರ್ನಿಯಾದಲ್ಲಿ ಷಾರ್ಲಟ್ ಹೇಲಿ ಅಂತ ಒಬ್ಬ ವಯಸ್ಸಾದ ಹೆಂಗಸು. ಆಕೆಯ ಅಜ್ಜಿ, ಅಕ್ಕ, ಮಗಳು ಮೂವರಿಗೂ ಈ ಕಾಯಿಲೆ ಬಂದಿತ್ತು. ಮನೆಯ ಊಟದ ಮೇಜಿನ ಮುಂದೆ ಕೂತು ಪೀಚ್ ಹಣ್ಣಿನ ಬಣ್ಣದ ರಿಬ್ಬನ್ ಕಟ್ಟುತ್ತಿದ್ದರು. ಜೊತೆಗೊಂದು ಕಾರ್ಡು: ಅಮೆರಿಕ ಸರ್ಕಾರದ ಕ್ಯಾನ್ಸರ್ ಸಂಸ್ಥೆಯ ವರ್ಷದ ಬಜೆಟ್ 180 ಕೋಟಿ ಡಾಲರ್, ಅದರಲ್ಲಿ ಕಾಯಿಲೆ ಬರದಂತೆ ತಡೆಯಲು ಬರೀ ನೂರಕ್ಕೆ ಐದು. 1992ರಲ್ಲಿ ಒಂದು ಪತ್ರಿಕೆ ಮತ್ತು ಸೌಂದರ್ಯ ಸಾಮಗ್ರಿಯ ಕಂಪನಿಯವರು ಸೇರಿ ಆ ರಿಬ್ಬನ್ ಕೇಳಿದರು. ನಿಮ್ಮದು ವ್ಯಾಪಾರ, ಕೊಡಲ್ಲ ಅಂದರು ಹೇಲಿ. ಅವರು ವಕೀಲರನ್ನು ಕೇಳಿದರು, ಬಣ್ಣ ಬದಲಿಸಿ ಗುಲಾಬಿ ಮಾಡಿದರು. ಬಜೆಟ್ ಕೇಳುತ್ತಿದ್ದ ಕಾರ್ಡು ಎಲ್ಲಿ ಹೋಯಿತೋ. ರಿಬ್ಬನ್ ಮಾತ್ರ ನಮ್ಮೂರ ತನಕ ಬಂತು.

ದುಡ್ಡಿನ ಮಾತು ಚಿಕ್ಕದು, ಬೇಗ ಹೇಳಿಬಿಡುತ್ತೇನೆ. ಅರವತ್ತು ಜನ ಕೂತರೆ 18 ಸಾವಿರ. ಬೇಡ ಅನ್ನುವ ಮೊತ್ತವಲ್ಲ. ಬಡವರಿಗೆ ಆಪರೇಷನ್ನು, ಕೀಮೋ ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಜೇಬು ಖಾಲಿ ಮಾಡುವುದು ಉಳಿದದ್ದು. ಬಸ್ಸು, ಆಟೋ, ಜೊತೆಗೆ ಬರುವವರ ಕೂಲಿ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. 1973ರಿಂದ ನಮ್ಮ ಕಡೆಯವರಿಗೆ ಕ್ಯಾನ್ಸರ್ ಅಂದರೆ ಆ ದಾರಿಯೇ. ನಾನು ಇಪ್ಪತ್ತೈದು ದಿನ ಕರೆಂಟ್ ಕೊಡಿಸಿಕೊಂಡೆ. ಕೆಲಸದಲ್ಲಿರುವವಳು, ರಜೆ ಇತ್ತು. ಪಾವಗಡದ ಶೇಂಗಾ ಹೊಲದ ಕೂಲಿಯವಳು ಏನು ಮಾಡಬೇಕು? ಜಿಲ್ಲೆಯ ಉಳಿದ ತಾಲ್ಲೂಕುಗಳಿಂದ ದೂರವಾಗಿ ಆಂಧ್ರದ ಮಗ್ಗುಲಲ್ಲಿರುವ ಊರು ಅದು. ಅಲ್ಲಿಂದ ಆಕೆ ಸ್ಟುಡಿಯೋಗೆ ಬರುವುದಿಲ್ಲ, ಶೋಕೇಸನ್ನೂ ನೋಡುವುದಿಲ್ಲ.

ಆಕೆಯ ಹತ್ತಿರ ಹೋಗಬೇಕಾದದ್ದು ಕೈ. ಇದು ಕಾವ್ಯ ಅಲ್ಲ, ಲೆಕ್ಕ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಕೊಳೆಗೇರಿಗಳಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಒಂದೂವರೆ ಲಕ್ಷ ಹೆಂಗಸರು. ಅರ್ಧ ಭಾಗದವರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಸ್ತನವನ್ನು ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. ಇಪ್ಪತ್ತು ವರ್ಷದ ಮೇಲೆ, 2021ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಆದವರಲ್ಲಿ ಕಾಯಿಲೆ ಬೇಗ ಸಿಕ್ಕಿತ್ತು. 50 ದಾಟಿದವರಲ್ಲಿ ಈ ಕಾಯಿಲೆಯಿಂದ ಆಗುವ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆ. ಯಂತ್ರ ಇಲ್ಲ, ಮ್ಯಾಮೊಗ್ರಾಂ ಅನ್ನುವ ಸ್ತನದ ಎಕ್ಸ್‌ರೇ ಇಲ್ಲ. ಇನ್ನೊಂದು ಕಡೆ ಚೀನಾದ ಶಾಂಘೈಯಲ್ಲಿ 2 ಲಕ್ಷ 66 ಸಾವಿರ ಹೆಂಗಸರ ಮೇಲೆ ನಡೆದ ಪ್ರಯೋಗ. ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ ಅಂತ ಅರ್ಧ ಜನಕ್ಕೆ ಚೆನ್ನಾಗಿ ಹೇಳಿಕೊಟ್ಟರು. ಸಾವು ಕಡಿಮೆ ಆಗಲಿಲ್ಲ. ಗಂಟು ಕಂಡರೆ ಸುಮ್ಮನಿರಿ ಅಂತ ಇದರ ಅರ್ಥ ಅಲ್ಲ. ಕಂಡ ದಿನವೇ ತೋರಿಸಿ. ಆದರೆ ಅರಿವು ಮೂಡಿಸಿದೆವು ಅಂತ ಪೋಸ್ಟರ್ ಅಂಟಿಸಿ ಕೈ ತೊಳೆದುಕೊಳ್ಳುವವರಿಗೆ ಶಾಂಘೈ ನೆನಪಿಸಬೇಕು.

ನಮ್ಮಲ್ಲಿ ಸರ್ಕಾರದ ನಿಯಮವೇ ಇದೆ. 30 ದಾಟಿದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಈ ಕೈ ಪರೀಕ್ಷೆ, ಊರಿನ ಉಪಕೇಂದ್ರದಲ್ಲೇ, ದುಡ್ಡಿಲ್ಲದೆ. ನಿಮ್ಮ ಬೀದಿಯಲ್ಲಿ ಎಷ್ಟು ಜನ ಹೋಗಿದ್ದಾರೆ, ಕೇಳಿ ನೋಡಿ. ಸ್ಟುಡಿಯೋದವರು ಆ 18 ಸಾವಿರದಲ್ಲಿ ಒಂದು ವ್ಯಾನ್ ಮಾಡಿ, ಫೋಟೋಗೆ ಕೂತ ಅರವತ್ತು ಜನರನ್ನೂ ಅಲ್ಲಿಗೆ ಕರೆದುಕೊಂಡು ಹೋದರೆ ಮೊದಲ ಸೀಟಿನಲ್ಲಿ ನಾನೇ ಕೂರುತ್ತೇನೆ. ಕ್ಯಾಮೆರಾ ಮನೆಯಲ್ಲಿ ಬಿಟ್ಟು ಬರಲಿ.

ಇನ್ನೊಂದು ಮಾತು. ಫೋಟೋಗಳಲ್ಲಿ ಎಲ್ಲರೂ ಗೆದ್ದವರು. ಆಪರೇಷನ್ ಆದ ಮೇಲೆ ಎಡಗೈ ಊದಿಕೊಂಡು ಬಿಂದಿಗೆ ಎತ್ತಲು ಆಗದವಳು ಇಲ್ಲ. ಬ್ಲೌಸಿನೊಳಗೆ ಹತ್ತಿ ಇಟ್ಟು ಹೊಲಿಯಿರಿ ಅಂತ ಗಂಡಸು ಟೈಲರ್‌ಗೆ ಹೇಳಲಾಗದೆ ಮೂರು ಅಂಗಡಿ ತಿರುಗಿದವಳು ಇಲ್ಲ. ಕಾಯಿಲೆ ಎರಡನೇ ಸಲ ಬಂದವಳು ಇಲ್ಲ. ನನ್ನ ಜೊತೆ ಕರೆಂಟ್‌ಗೆ ಬರುತ್ತಿದ್ದ ಸಿರಾದವರೊಬ್ಬರು ಹೋಗಿಬಿಟ್ಟರು. ಅವರೇನು ಸೋತವರಾ? ಪರೀಕ್ಷೆಯಾ ಇದು, ಪಾಸು ಫೇಲು ಅನ್ನೋಕೆ?

ಮಗಳ ಮದುವೆ ಹೋದ ವರ್ಷ ಆಯಿತು, ಬೇರೆ ಕಡೆ. ಸಂಬಂಧ ಮಾತಾಡುವ ದಿನವೇ ಎಲ್ಲ ನಾನೇ ಹೇಳಿದ್ದೆ, ನನ್ನ ಬಾಯಿಂದ. ಬೀಗಿತ್ತಿ ಎದ್ದು ಬಂದು ಪಕ್ಕದಲ್ಲಿ ಕೂತರು. ಸೀರೆ ತೆಗೆಯಲು ಹೋದಾಗ ಅಂಗಡಿಯ ಹುಡುಗ ಮೊದಲು ಹರಡಿದ್ದು ಗುಲಾಬಿ ಬಣ್ಣದ್ದು. "ಅಮ್ಮ, ಇದು ನಿಮಗೆ ಒಪ್ಪುತ್ತೆ" ಅಂದ. ಮಡಿಸಿಡಪ್ಪ, ಆ ಹಸಿರು ತೆಗಿ ಅಂದೆ.