ಗುಂಗುರಿಗೆ ಗುಂಗುರು ಜೋಡಿ ಹಾಕಬೇಡಿ

ಕಳೆದ ಮೇ ತಿಂಗಳಲ್ಲಿ ನಮ್ಮ ಹಿತ್ತಲಲ್ಲಿ ಹುಟ್ಟಿದ ಮೂರು ಕೋಳಿ ಮರಿಗಳು ಇನ್ನೂ ಕಣ್ಣ ಮುಂದೆ ಇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಅವ್ವನ ಜವಾರಿ ಕೋಳಿಗಳು ಮೊದಲಿನಿಂದಲೂ ಇವೆ. ನನಗೆ ಬ್ಯಾಂಟಮ್ ಹುಚ್ಚು ಹತ್ತಿ ನಾಲ್ಕು ವರ್ಷವಾಯಿತು. ಜಾವಾ ದ್ವೀಪದ ಬಾಂಟೆನ್ ಬಂದರಿನಿಂದ ಹೆಸರು ಪಡೆದ ಈ ಪುಟ್ಟ ಕೋಳಿಗಳಲ್ಲಿ ನನಗೆ ಜಾಸ್ತಿ ಇಷ್ಟ ಫ್ರಿಜಲ್. ಅದರ ಪುಕ್ಕ ಮೈಗೆ ಅಂಟಿಕೊಳ್ಳುವುದಿಲ್ಲ, ಹೊರಕ್ಕೆ ಸುರುಳಿಯಾಗಿ ಏಳುತ್ತದೆ. ಒಂದು ಜೋಡಿ ತಂದೆ. ಮಾರಿದವರು, "ಎರಡೂ ಗುಂಗುರು ಅದಾವ್ರಿ, ಹುಟ್ಟೋ ಮರಿ ಎಲ್ಲಾ ಗುಂಗುರನ ಬರ್ತಾವ" ಅಂದರು. ನಂಬಿದೆ.

ಹತ್ತು ಮರಿ ಬಂದವು. ಮೊದಲು ಎಲ್ಲ ಒಂದೇ ಥರ ಕಂಡವು. ಪುಕ್ಕ ಮೂಡುವ ಹೊತ್ತಿಗೆ ಗೊತ್ತಾಯಿತು. ಎರಡಕ್ಕೆ ಸಾದಾ ಪುಕ್ಕ, ಐದು ಗುಂಗುರು. ಉಳಿದ ಮೂರರ ಪುಕ್ಕ ತಂತಿಯ ಹಾಗೆ ಸಣ್ಣಗೆ ಸುತ್ತಿಕೊಂಡು, ಮುಟ್ಟಿದರೆ ಮುರಿಯುತ್ತಿತ್ತು. ಮೈ ಬರಿದಾಯಿತು. ಹಗಲು ಬಿಸಿಲಿಗೆ ಚರ್ಮ ಕೆಂಪಾಗುತ್ತಿತ್ತು, ಮಳೆ ಬಿದ್ದ ರಾತ್ರಿ ನಡುಗುತ್ತಿದ್ದವು. ಅವ್ವ ತನ್ನ ಹಳೆ ಸೀರೆ ಹಾಸಿದ ಬುಟ್ಟಿಯಲ್ಲಿಟ್ಟು ನೋಡಿಕೊಂಡಳು. ಒಂದೇ ಉಳಿಯಿತು.

ಆಮೇಲೆ ಓದಿ ತಿಳಿದುಕೊಂಡೆ. ಗುಂಗುರಿನ ಜೀನ್ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೆ ಚಂದದ ಫ್ರಿಜಲ್. ಇಬ್ಬರಿಂದಲೂ ಬಂದರೆ ಈ ಗತಿ. ಗುಂಗುರಿಗೆ ಗುಂಗುರು ಹಾಕಿದರೆ ಸರಾಸರಿ ನಾಲ್ಕು ಮರಿಗೆ ಒಂದು ಹೀಗೆ ಹುಟ್ಟುತ್ತದೆ. ಅದೇ ಸಾದಾ ಪುಕ್ಕದ ಕೋಳಿಯ ಜೊತೆ ಬಿಟ್ಟರೆ ಅರ್ಧ ಗುಂಗುರು, ಅರ್ಧ ಸಾದಾ. ನರಳುವ ಮರಿ ಒಂದೂ ಇಲ್ಲ. ಇಷ್ಟು ಸುಲಭ ಇದ್ದಾಗ ಜೋಡಿ ಜೋಡಿ ಅಂತ ಯಾಕೆ ಮಾರಬೇಕು?

ಗಿಡ್ಡ ಕಾಲಿನ ಜಪಾನಿ ಬ್ಯಾಂಟಮ್ ಕಥೆಯೂ ಇಂಥದ್ದೇ. ಎರಡೂ ಗಿಡ್ಡ ಕಾಲಿನವಾದರೆ ಸರಾಸರಿ ನಾಲ್ಕಕ್ಕೆ ಒಂದು ಮರಿ ತತ್ತಿಯೊಳಗೇ ಸಾಯುತ್ತದೆ. ನಾವು ಸುಮ್ನೆ ಕಾವು ಕೂತ ಹ್ಯಾಟಿಯನ್ನು ಬೈಯುತ್ತೇವೆ.

ಕ್ರಾಸ್ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದರಷ್ಟು ಖುಷಿ ಕೊಡುವ ಹವ್ಯಾಸ ನನಗೆ ಬೇರೆ ಇಲ್ಲ. ರೇಷ್ಮೆಯಂಥ ಪುಕ್ಕದ ಸಿಲ್ಕಿ ಜಾತಿಯ ಹುಂಜವನ್ನು ಜವಾರಿ ಹ್ಯಾಟಿಗೆ ಬಿಟ್ಟಾಗ ಒಂದು ಮರಿಗೂ ಆ ಪುಕ್ಕ ಬರಲಿಲ್ಲ. ಬೇಜಾರಾಯಿತು. ಆ ಮರಿಗಳು ದೊಡ್ಡವಾದ ಮೇಲೆ ಬೇರೆ ಕಡೆಯ ಸಿಲ್ಕಿ ಹುಂಜ ತಂದು ಬಿಟ್ಟೆ. ಅರ್ಧದಷ್ಟು ಮರಿಗಳಿಗೆ ಅದೇ ಮೆತ್ತನೆ ಪುಕ್ಕ! ಅಡಗಿ ಕೂತಿದ್ದ ಗುಣ ಒಂದು ತಲೆಮಾರು ದಾಟಿ ಹೊರಗೆ ಬಂದಿತ್ತು. ಅವತ್ತು ಅವ್ವನನ್ನು ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದೆ.

ಈಗ ಪ್ರತಿ ಕೋಳಿಯ ಕಾಲಿಗೂ ಬಣ್ಣದ ರಿಂಗ್ ಹಾಕಿದ್ದೇನೆ. ಯಾವ ಹುಂಜ, ಯಾವ ಹ್ಯಾಟಿ, ಎಷ್ಟು ತತ್ತಿ, ಎಷ್ಟು ಮರಿ, ಎಲ್ಲ ನೋಟ್‌ಬುಕ್ಕಿನಲ್ಲಿದೆ. ಮರಿ ಒಯ್ಯುವವರಿಗೆ ಅಪ್ಪ ಅಮ್ಮ ಯಾರು ಅಂತ ಬರೆದೇ ಕೊಡುತ್ತೇನೆ. ಮಾರುವವರೆಲ್ಲ ಇಷ್ಟಾದರೂ ಮಾಡಿ, ದಯವಿಟ್ಟು. ಕೊಳ್ಳುವವರು ಕೇಳಿ.

ಗುಂಗುರು ಹುಂಜ ಈಗ ಅವ್ವನ ಕೆಂಪು ಜವಾರಿ ಹ್ಯಾಟಿಯ ಜೊತೆಗಿದೆ. ಒಂಬತ್ತು ತತ್ತಿ ಕಾವಿನಲ್ಲಿವೆ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆ, ಎಂಟರಲ್ಲಿ ಜೀವ ಆಡುತ್ತಿದೆ.