ಪತ್ತೇದಾರ ಬಂದ, ಹೆಣ ಯಾರದು?

ಮಳೆಗಾಲ ಜೋರಾದರೆ ಕೊಡಗು ಜಿಲ್ಲಾಡಳಿತ ಭಾರೀ ಸರಕು ವಾಹನಗಳನ್ನು ನಿರ್ಬಂಧಿಸುತ್ತದೆ. ಆ ಆದೇಶಕ್ಕೆ ಇನ್ನೊಂದು ಸಾಲು ಸೇರಿಸಿ ಎಂದು ನನ್ನ ಮನವಿ: ಕಾದಂಬರಿಯ ಪತ್ತೇದಾರರಿಗೂ ಕುಶಾಲನಗರದಿಂದ ಈಚೆಗೆ ಪ್ರವೇಶವಿಲ್ಲ.

ನಾನು ಬಿಡದೆ ಓದುವ ಮಾಲಿಕೆಯೊಂದರ ಪತ್ತೇದಾರ (ಹೆಸರು ಬೇಡ, ನೀವೂ ಓದುತ್ತೀರಿ) ಪ್ರತಿ ಭಾಗದಲ್ಲೂ ಮಡಿಕೇರಿಗೆ ವಿಶ್ರಾಂತಿಗೆಂದು ಬರುತ್ತಾನೆ. ಬಂದ ರಾತ್ರಿಯೇ ಎಸ್ಟೇಟ್ ಬಂಗಲೆಯ ಮಾಲೀಕ ಖಲಾಸ್. ಕರೆಂಟಿಲ್ಲ, ಫೋನಿಲ್ಲ, ರಸ್ತೆಗೆ ಅಡ್ಡ ಮರ ಬಿದ್ದಿದೆ. ಲೇಖಕರು ಇದನ್ನು ನಿಗೂಢ ವಾತಾವರಣ ಎನ್ನುತ್ತಾರೆ. ನಾವು ಜುಲೈ ಎನ್ನುತ್ತೇವೆ.

ಇನ್ನು ಆ ಗುಂಡಿನ ಸದ್ದು. ಕೇಳಿದ್ದೇ ತಡ, ಬಂಗಲೆಯವರೆಲ್ಲ ಬೆಚ್ಚಿಬೀಳುತ್ತಾರೆ. ಕೊಡವರ ಮನೆಯಲ್ಲಿ! ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಹಾರಿಸುವ ಪದ್ಧತಿ ಇವರದು. ಒಂದೇ ಸದ್ದು ಕೇಳಿದರೆ ಪಕ್ಕದ ಮನೆಯವರು ಬಾಣಂತಿ ಯಾರೆಂದು ವಿಚಾರಿಸಿಯಾರು. ನಮ್ಮ ಪತ್ತೇದಾರನೋ ಗೋಡೆಯ ಮೇಲಿನ ಕೋವಿಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಾನೆ, ಮಹಾ ಸುಳಿವು ಸಿಕ್ಕಿತಂತೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವವರ, ಲೈಸೆನ್ಸಿನಿಂದಲೇ ವಿನಾಯಿತಿ ಪಡೆದವರ ಮನೆಯಲ್ಲಿ ಕೋವಿ ಇಲ್ಲದ ಗೋಡೆಯ ಮೇಲೆ ಅನುಮಾನ ಪಡಬೇಕಪ್ಪಾ!

ಕೊಲೆಗಾರ ಯಾರು? ಮೊದಲ ನೂರು ಪುಟ ತೋಟದ ಲೆಕ್ಕ ಬರೆಯುವ ರೈಟರ್ ಮೇಲೆ ಗುಮಾನಿ, ಕೊನೆಗೆ ಸಂಭಾವಿತ ಡಾಕ್ಟರು. ಹಿಂದಿನ ಭಾಗದಲ್ಲೂ ಡಾಕ್ಟರೇ. ಅದರ ಹಿಂದಿನದರಲ್ಲಿ ಬದಲಾವಣೆ ಇರಲೆಂದು ಕಂಪೌಂಡರು. ಹೀಗಾದರೆ ಜ್ವರ ಬಂದವರು ಎಲ್ಲಿಗೆ ಹೋಗಬೇಕು? ಮೊದಲೇ ರಾಜ್ಯದಲ್ಲಿ ಅತಿ ಕಡಿಮೆ ಜನಸಂಖ್ಯೆಯ ಜಿಲ್ಲೆ ನಮ್ಮದು, 2011ರ ಜನಗಣತಿಯಲ್ಲಿ ಐದೂವರೆ ಲಕ್ಷದಷ್ಟು. ಅದರಲ್ಲಿ ಬಂಗಲೆ ಇರುವ ಪ್ಲಾಂಟರುಗಳು ಇನ್ನೆಷ್ಟು ಭಾಗಕ್ಕೆ ಸಾಕಾದಾರು? ಇಷ್ಟಾದರೂ ಜನ ಆ ಪತ್ತೇದಾರನನ್ನು ಮದುವೆಗೆ ಕರೆಯುತ್ತಾರೆ. ಎಲೆಗೆ ಪಂದಿಕರಿ ಬೀಳುವ ಮೊದಲು ಒಬ್ಬ ನೆಂಟ ಬೀಳುತ್ತಾನೆ.

ಪತ್ತೇದಾರನನ್ನು ಬಿಡಲಾಗದ ಈ ಬಲೆಗೆ ದೊಡ್ಡ ಲೇಖಕರೂ ಬಿದ್ದವರೇ. ಕಾನನ್ ಡಾಯ್ಲ್ ಬೇಸತ್ತು 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತಕ್ಕೆ ತಳ್ಳಿದರು. ಓದುಗರು ಕೇಳಬೇಕಲ್ಲ; 1903ರಲ್ಲಿ ಆಸಾಮಿ ಎದ್ದು ಬಂದ. ಅಗಾಥಾ ಕ್ರಿಸ್ಟಿಯವರ ಪ್ವಾರೋ 1920ರ ಮೊದಲ ಕಾದಂಬರಿಯಲ್ಲೇ ನಿವೃತ್ತ ಬೆಲ್ಜಿಯನ್ ಪೊಲೀಸ್, ಸತ್ತದ್ದು 1975ರ ಕಾದಂಬರಿಯಲ್ಲಿ. ಬೆಲ್ಜಿಯಮ್ಮಿನ ಖಜಾನೆ ಆ ಪಿಂಚಣಿಯನ್ನು ಹೇಗೆ ತಡೆದುಕೊಂಡಿತೋ. ನಮ್ಮ ಲೇಖಕರಿಗಂತೂ ಅಬ್ಬಿ ಜಲಪಾತ ಮಡಿಕೇರಿಯ ಮಗ್ಗುಲಲ್ಲೇ ಇದೆ, ಮನಸ್ಸೊಂದು ಬರಬೇಕು.

ಮುಂದಿನ ಭಾಗ ನಾಪೋಕ್ಲಿನಲ್ಲಂತೆ: ಮಳೆ, ಬಂಗಲೆ, ಕೋವಿ. ಪ್ರತಿ ಕಾಯ್ದಿರಿಸಿದ್ದೇನೆ. ಡಾಕ್ಟರೇ ಎಂದು ಹೆಂಡತಿಯ ಜೊತೆ ಐವತ್ತು ರೂಪಾಯಿ ಪಂದ್ಯ. ಅವಳು ಕಂಪೌಂಡರನ ಪರ.